ಬೆನ್ನು ನೋವಿಗೆ ಮದ್ದು ಕೊಟ್ಟ ಕೋರ್ಟು

ಮಾನ್ಯರೇ,

ಮಗನ ಮನೆಗೆಂದು ಆರು ತಿಂಗಳು ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿದ್ದು ಶಿವಮೊಗ್ಗಕ್ಕೆ ಮರಳಿದ ನೀವು ನಾಲ್ಕು ಪುಟದ ಕಾಗದ ಬರೆದಿದ್ದೀರಿ. ಬಿಪಿ ತೋರಿಸಲು ಹೋದ ಕ್ಲಿನಿಕ್ಕಿನಲ್ಲಿ ಮೆಕ್ಸಿಕೋ ಮೂಲದ ಹೆಂಗಸೊಬ್ಬಳ ಮಾತನ್ನು ಅವಳ ಹತ್ತು ವರ್ಷದ ಮಗ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದುದನ್ನು ಕಂಡಿರಿ. “ಇಪ್ಪತ್ತು ವರ್ಷ ಅಲ್ಲಿದ್ದೂ ಭಾಷೆ ಕಲಿತಿಲ್ಲ. ಕುಡಿಯುವುದು ಕೋಲಾ. ಆಮೇಲೆ ಸಕ್ಕರೆ ಕಾಯಿಲೆ ಎಂದು ಗೋಳು. ಇದು ಅವರ ಸಂಸ್ಕೃತಿಯ ದೋಷವಲ್ಲವೇ?” ಎಂದು ಕೇಳಿದ್ದೀರಿ.

ಅಲ್ಲ ಎನ್ನುವುದು ನನ್ನ ಉತ್ತರ. ಆದರೆ ನಾಲ್ಕು ಪುಟ ಬರೆದವರಿಗೆ ಒಂದೇ ಪದದಲ್ಲಿ ಉತ್ತರಿಸಿದರೆ ಮರ್ಯಾದೆಯಲ್ಲ.

ನೀವು ಹೊಲ ಮಾಡಿದವರು, ಗುದ್ದಲಿಯಿಂದಲೇ ಶುರು ಮಾಡುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಲೆಟಿಸ್ ಎಂಬ ಸೊಪ್ಪು ಬೆಳೆಯುವ ಹೊಲಗಳಲ್ಲಿ ಕೂಲಿಯಾಳುಗಳ ಕೈಗೆ ಕೊಡುತ್ತಿದ್ದ ಗುದ್ದಲಿಯ ಕಾವು ಎರಡಡಿ ಮೀರುತ್ತಿರಲಿಲ್ಲ. ಅದಕ್ಕೆ ಅವರಿಟ್ಟ ಹೆಸರು ‘ಎಲ್ ಕೊರ್ತಿತೊ’, ಅಂದರೆ ಮೋಟು. ಬೆಳಗಿನಿಂದ ಸಂಜೆಯವರೆಗೆ ನಡು ಬಗ್ಗಿಸಿಯೇ ಇರಬೇಕು. ಉದ್ದ ಕಾವಿನ ಗುದ್ದಲಿಯಿಂದ ಸಸಿ ಹಾಳಾಗುತ್ತದೆ ಎಂಬುದು ಮಾಲೀಕರ ವಾದ. ಯಾರು ನೆಟ್ಟಗೆ ನಿಂತರು, ಯಾರು ದಣಿವಾರಿಸಿಕೊಂಡರು ಎಂದು ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿತ್ತು ಎಂಬುದು ಕೂಲಿಗಳಿಗೆ ಗೊತ್ತಿದ್ದ ಕಾರಣ. ಮೂವತ್ತು ದಾಟುವ ಮೊದಲೇ ಬೆನ್ನು ಕಳೆದುಕೊಂಡವರಿದ್ದರು. ಡಾಕ್ಟರು ಕೊಟ್ಟ ಮಾತ್ರೆ ನುಂಗಿ ಮರುದಿನ ಮತ್ತೆ ಅದೇ ಗುದ್ದಲಿ ಹಿಡಿಯುತ್ತಿದ್ದರು. 1975ರಲ್ಲಿ, ರಾಜ್ಯದ ಸುಪ್ರೀಂ ಕೋರ್ಟಿನ ತೀರ್ಪಿನ ಬೆನ್ನಲ್ಲೇ, ಆ ಗುದ್ದಲಿ ನಿಷೇಧವಾಯಿತು. ಬೆನ್ನಿನ ಪೆಟ್ಟುಗಳು ಇಳಿದವು, ಲೆಟಿಸ್ ಮಾತ್ರ ಎಂದಿನಂತೆ ಬೆಳೆಯಿತು.

ಈಗ ನಿಮ್ಮ ಕೋಲಾ. ಫ್ರೆಸ್ನೋದಿಂದ ಸ್ವಲ್ಪ ತೆಂಕಣಕ್ಕೆ ಟುಲೇರಿ ಕೌಂಟಿಯಲ್ಲಿ ಈಸ್ಟ್ ಒರೋಸಿ ಎಂಬ ಸಣ್ಣ ಊರಿದೆ. ಸುತ್ತ ಕಿತ್ತಳೆ ತೋಟ, ಒಳಗೆ ತೋಟದಲ್ಲಿ ದುಡಿಯುವವರು. ಗೊಬ್ಬರದ ನೈಟ್ರೇಟ್ ಅಂತರ್ಜಲಕ್ಕೆ ಇಳಿದು ವರ್ಷಗಟ್ಟಲೆ ಅಲ್ಲಿನ ನಲ್ಲಿ ನೀರು ಕುಡಿಯಲು ಬಾರದಂತಾಗಿತ್ತು. ಕುಡಿಯುವ ನೀರು ಪ್ರತಿಯೊಬ್ಬರ ಹಕ್ಕು ಎಂದು ಕ್ಯಾಲಿಫೋರ್ನಿಯಾ 2012ರಲ್ಲೇ ಕಾನೂನು ಬರೆಯಿತು ಅನ್ನಿ. ನೀರನ್ನೂ ಬಾಟಲಿಯಲ್ಲೇ ಕೊಳ್ಳಬೇಕಾದ ಮನೆಯಲ್ಲಿ ಕೋಲಾ ಬಾಟಲಿ ಯಾಕಿದೆ ಎಂದು ಕೇಳುವುದು ಸುಲಭ. ಲ್ಯಾಟಿನೋ, ಅಂದರೆ ಮೆಕ್ಸಿಕೋ, ಕ್ಯೂಬಾದಂಥ ಲ್ಯಾಟಿನ್ ಅಮೆರಿಕ ಮೂಲದ, ಜನರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಎಂಬ ನಿಮ್ಮ ಮಾತು ನಿಜ. ಜೀವಮಾನದಲ್ಲಿ ಅದು ಬರುವ ಸಂಭವ ಒಟ್ಟು ಅಮೆರಿಕನ್ನರಲ್ಲಿ ನೂರಕ್ಕೆ 40, ಇವರಲ್ಲಿ 50ಕ್ಕೂ ಮೇಲೆ.

ಹಾಗೆಂದು ಅವರ ಬದುಕಿನ ರೀತಿಯೇ ರೋಗದ ಗೂಡು ಎನ್ನುವಿರಾದರೆ ಇನ್ನೊಂದು ಲೆಕ್ಕ ಅಡ್ಡ ಬರುತ್ತದೆ. 2019ರಲ್ಲಿ ಅಮೆರಿಕದ ಬಿಳಿಯರ ಸರಾಸರಿ ಆಯಸ್ಸು 78.8 ವರ್ಷ, ಅವರಿಗಿಂತ ಬಡವರಾದ, ಆರೋಗ್ಯ ವಿಮೆಯೂ ಕಡಿಮೆಯಿದ್ದ ಲ್ಯಾಟಿನೋಗಳದು 81.9. ಸಿಗರೇಟು ಕಡಿಮೆ, ವಲಸೆ ಬರುವವರು ಗಟ್ಟಿಗರು, ಮನೆ ತುಂಬ ಜನರ ಆಸರೆ ಎಂದೆಲ್ಲ ಕಾರಣ ಹೇಳುತ್ತಾರೆ. ಕೋವಿಡ್ ಬಂತು. ಹೊಲ, ಮಾಂಸದ ಕಾರ್ಖಾನೆ, ಹೋಟೆಲಿನ ಅಡುಗೆಮನೆಗಳಲ್ಲಿ ದುಡಿಯುವವರಿಗೆ ಮನೆಯಿಂದ ಕೆಲಸ ಎಂಬುದಿರಲಿಲ್ಲ. ಎರಡೇ ವರ್ಷದಲ್ಲಿ ಅವರ ಆಯಸ್ಸು ನಾಲ್ಕು ವರ್ಷ ಕುಸಿಯಿತು. ಎರಡು ವರ್ಷದಲ್ಲಿ ಯಾರ ಸಂಸ್ಕೃತಿಯೂ ಅಷ್ಟು ಬದಲಾಗುವುದಿಲ್ಲ ಸ್ವಾಮಿ.

ಆ ಹುಡುಗನ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಾಗದದಲ್ಲಿ ನನ್ನನ್ನು ಕಾಡಿದ್ದು ಅವನೇ. 1980ರಲ್ಲಿ ದಕ್ಷಿಣ ಫ್ಲಾರಿಡಾದಲ್ಲಿ ಹದಿನೆಂಟರ ತರುಣನೊಬ್ಬನನ್ನು ಎಚ್ಚರ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಮನೆಯವರು ‘ಇಂತೊಕ್ಸಿಕಾದೊ’ ಎಂದರು. ಕ್ಯೂಬಾದವರ ಬಾಯಲ್ಲಿ ಅದರರ್ಥ ತಿಂದದ್ದು ಮೈಗೆ ಆಗಲಿಲ್ಲ ಎಂದು. ಆಸ್ಪತ್ರೆಯವರು ಅದನ್ನು ಇಂಗ್ಲಿಷಿನ ‘ಇಂಟಾಕ್ಸಿಕೇಟೆಡ್’ (ನಶೆಯೇರಿದವ) ಎಂದು ತಿಳಿದು, ಮಾದಕ ವಸ್ತು ಸೇವಿಸಿದ್ದಾನೆ ಎಂದುಕೊಂಡರು. ಮಿದುಳಿನೊಳಗಿನ ರಕ್ತಸ್ರಾವ ಗೊತ್ತಾಗುವ ಹೊತ್ತಿಗೆ ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದ್ದವು. ನಮ್ಮ ಅಜ್ಜಿ “ಉಷ್ಣ ಆಗಿದೆ” ಎಂದದ್ದನ್ನು ಮೊಮ್ಮಗ ಇಂಗ್ಲಿಷಿಗೆ ತಿರುಗಿಸಿದರೆ ಡಾಕ್ಟರು ಥರ್ಮಾಮೀಟರ್ ತೆಗೆಯುತ್ತಾರೆ; ಅಜ್ಜಿಗಿರುವುದು ಉರಿಮೂತ್ರ. (ಮೆಕ್ಸಿಕೋದ ಅಜ್ಜಿಯರೂ ಆಹಾರವನ್ನು ಉಷ್ಣ, ಶೀತ ಎಂದು ವಿಂಗಡಿಸುತ್ತಾರೆ. ನೀವೂ ಆ ತಾಯಿಯೂ ಮಾತಾಡಿಕೊಂಡಿದ್ದರೆ ಚೆನ್ನಾಗಿತ್ತು.) ಹೋಗಲಿ, ತನ್ನ ಮುಟ್ಟಿನ ತೊಂದರೆಯನ್ನು ಯಾವ ತಾಯಿ ಹತ್ತು ವರ್ಷದ ಮಗನ ಬಾಯಲ್ಲಿ ಹೇಳಿಸುತ್ತಾಳೆ? ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ತುರ್ತು ಸಂದರ್ಭ ಬಿಟ್ಟು ಮಕ್ಕಳನ್ನು ದುಭಾಷಿಯಾಗಿ ಬಳಸಬಾರದೆಂದು 2016ರ ಫೆಡರಲ್ ನಿಯಮವೇ ಹೇಳಿತ್ತು. ಆಕೆಯ ಮನೆಮಾತು ಸ್ಪ್ಯಾನಿಷ್ ಎಂಬುದೂ ಖಾತ್ರಿಯಲ್ಲ. ಮೆಕ್ಸಿಕೋದ ಒಹಾಕಾ ರಾಜ್ಯದ ಕಡೆಯ ಮಿಶ್ಟೆಕ್, ಝಪೊಟೆಕ್ ಭಾಷಿಕರು ಫ್ರೆಸ್ನೋ ಇರುವ ಕಣಿವೆಯಲ್ಲಿ ಬಹಳ.

‘ಸಂಸ್ಕೃತಿ’ ಎಂಬ ಪದಕ್ಕೆ ನಾನು ಹೆದರಲು ಇನ್ನೊಂದು ಕಾರಣವಿದೆ. ಲಾಸ್ ಏಂಜಲೀಸಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ನೋವಿನ ನಡುವೆ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿ ತಮಗೆ ಸಂತಾನಹರಣ ಚಿಕಿತ್ಸೆ ಮಾಡಿದರೆಂದು ಮೆಕ್ಸಿಕೋ ಮೂಲದ ಹತ್ತು ಹೆಂಗಸರು ಮೊಕದ್ದಮೆ ಹೂಡಿದರು. 1978ರಲ್ಲಿ ಸೋತರು. ತಪ್ಪು ಡಾಕ್ಟರದ್ದಲ್ಲ, ಪರಸ್ಪರ ಅರ್ಥವಾಗದ್ದು ಎಂಬುದು ತೀರ್ಪು. ಮಕ್ಕಳಾಗದ ದುಃಖ ಇಷ್ಟು ದೊಡ್ಡದಾಗಿರುವುದು ಅವರ ಸಂಸ್ಕೃತಿಯಿಂದ ಎಂದರು ನ್ಯಾಯಾಧೀಶರು. ಸ್ಪ್ಯಾನಿಷ್ ಒಪ್ಪಿಗೆ ಪತ್ರ, ಯೋಚಿಸಲು ದಿನಗಳ ಗಡುವು, ಇವೆಲ್ಲ ಆ ಹೋರಾಟದ ಫಲ. ಈಗಲೂ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುವವಳನ್ನು ಮೂಢಳು ಎನ್ನುವ ಮೊದಲು ಇದು ನೆನಪಿರಲಿ.

ಕೊನೆಗೆ ಕೇಳಿದ್ದೀರಿ: ಬಿಳಿ ಕೋಟಿಲ್ಲದ ಹೆಂಗಸೊಬ್ಬಳು ಆ ತಾಯಿಯ ಪಕ್ಕ ಕೂತು ಏನೋ ಬರೆದುಕೊಳ್ಳುತ್ತಿದ್ದಳು, ಅವಳು ನೆಂಟಳೇ ಎಂದು. ಬಹುಶಃ ‘ಪ್ರೊಮೊತೋರಾ’. ಅದೇ ಕೇರಿಯವಳು, ಅದೇ ಭಾಷೆಯವಳು, ತರಬೇತಿ ಪಡೆದವಳು; ನಮ್ಮ ಆಶಾ ಕಾರ್ಯಕರ್ತೆಯ ದೂರದ ತಂಗಿ ಎನ್ನಿ. ನಮ್ಮ ನೀನು–ನೀವು ಹಾಗೆಯೇ ಸ್ಪ್ಯಾನಿಷಿನಲ್ಲೂ ಎರಡಿವೆ. ಹಿರಿಯರಿಗೆ ಅವಳು ‘ಉಸ್ತೇದ್’ ಎನ್ನುತ್ತಾಳೆ, ಮನೆಮಂದಿಯ ಕ್ಷೇಮ ವಿಚಾರಿಸುತ್ತಾಳೆ, ಆಮೇಲೆ ಕೆಲಸದ ಮಾತು. ಇನ್ಸುಲಿನ್ ಬರೆದುಕೊಟ್ಟಿದ್ದಾರೆ ಸರಿ, ಮನೆಯಲ್ಲಿ ಫ್ರಿಜ್ ಇದೆಯಾ? ಹೊಲದಲ್ಲಿ ನೆರಳಿದೆಯಾ? ಮುಂದಿನ ಭೇಟಿಗೆ ಬಂದರೆ ಆ ದಿನದ ಕೂಲಿ ಹೋಗುತ್ತದಾ?

ಬರುವ ಏಪ್ರಿಲ್‌ನಲ್ಲಿ ಮತ್ತೆ ಹೋಗುವಿರಿ ಎಂದು ಬರೆದಿದ್ದೀರಿ. ಅವಳು ಸಿಕ್ಕರೆ ಇನ್ನೇನು ಕೇಳುತ್ತಾಳೆಂದು ವಿಚಾರಿಸಿ ಬರೆಯಿರಿ, ಮಗನ ನೆರವು ಪಡೆದಾದರೂ ಸರಿ. ಜುಲೈ ಸಂಚಿಕೆಯಲ್ಲಿ ಎರಡು ಪುಟ ಕಾದಿರಿಸಿದ್ದೇನೆ.

— ಸಂ.