ಫ್ಯಾನ್ ಆಮೇಲೆ ಹಾಕಿ, ಮೊದಲು ಪಿನಿಯನ್ ಬದಲಿಸಿ

ನಮಸ್ಕಾರ್ರೀ. ನಿಮ್ಮ ಪ್ರಶ್ನೆ ಓದಿದೆ. ಬೆಳಗಾವಿಯಲ್ಲಿ 1/10 ಅಳತೆಯ ಆರ್‌ಸಿ ಕಾರ್, ಅಂದರೆ ರಿಮೋಟಿನಿಂದ ಓಡುವ ಆಟದ ಕಾರ್ ಓಡಿಸುತ್ತೀರಿ. 3650 (36 ಮಿ.ಮೀ. ದಪ್ಪ, 50 ಮಿ.ಮೀ. ಉದ್ದ) ಬ್ರಷ್‌ಲೆಸ್ ಮೋಟಾರ್, 3900 ಕೆವಿ (ಹೇರಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 3900 ಸುತ್ತು), 2ಎಸ್ ಅಂದರೆ ಎರಡು ಸೆಲ್ಲಿನ ಲಿಪೋ ಬ್ಯಾಟರಿ. ಸ್ಪೀಡ್ ಜಾಸ್ತಿ ಬೇಕು ಅಂತ 21 ಹಲ್ಲಿನ ಪಿನಿಯನ್ (ಮೋಟಾರಿನ ಶಾಫ್ಟಿಗೆ ಕೂರುವ ಸಣ್ಣ ಗೇರ್) ತೆಗೆದು 25ರದ್ದು ಹಾಕಿದ್ದೀರಿ. ಪಿನಿಯನ್ ತಿರುಗಿಸುವ ದೊಡ್ಡ ಗೇರ್, ಅಂದರೆ ಸ್ಪರ್ ಗೇರ್, 86 ಹಲ್ಲಿನದು, ಅದು ಹಾಗೇ ಇದೆ. ಈಗ ಹುಲ್ಲಿನ ಮೈದಾನದಲ್ಲಿ 10 ನಿಮಿಷ ಓಡಿಸಿದರೆ ಮೋಟಾರ್ ಮುಟ್ಟೋಕಾಗಲ್ಲ, ಒಮ್ಮೆ ಸುಟ್ಟ ವಾಸನೆಯೂ ಬಂದಿದೆ. ಫ್ಯಾನ್ ಹಾಕಿದರೆ ಸಾಕಾ, 3ಎಸ್ (ಮೂರು ಸೆಲ್ಲಿನ) ಬ್ಯಾಟರಿಗೆ ಹೋಗಬಹುದಾ ಅಂತ ಕೇಳಿದ್ದೀರಿ.

ಫ್ಯಾನ್ ಒಂದರಿಂದ ಇದು ಸರಿಹೋಗಲ್ಲ. ಮೋಟಾರ್ ಬಿಸಿಯಾಗೋದು ಗಾಳಿ ಸಾಲದೆ ಅಲ್ಲ, ಹೊರಲಾರದಷ್ಟು ಹೇರು ಬಿದ್ದಿದ್ದಕ್ಕೆ. ಇದು ನನಗೆ ಒಂದು ಮೋಟಾರ್ ಹೋದ ಮೇಲೆ ತಿಳಿಯಿತು.

ನಾನು ವಿಜಯಪುರದವನು. ಒಂದು ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಬಂದಿದ್ದ. ಅವನಿಗೆ ಕಾರ್ ಎಷ್ಟು ಜೋರು ಓಡುತ್ತದೆ ಅಂತ ತೋರಿಸಬೇಕು ಅನ್ನಿಸಿ, ನಿಮ್ಮ ಹಾಗೇ ದೊಡ್ಡ ಪಿನಿಯನ್ ಹಾಕಿದೆ. ಬಿಸಿಯಾಗುತ್ತೆ ಅಂತ ಗೊತ್ತಿತ್ತು, ಅದಕ್ಕೇ ಬಿಸಿ ಹೀರಿ ಗಾಳಿಗೆ ಬಿಡುವ ಹೀಟ್ ಸಿಂಕ್ ಕೂರಿಸಿ ಅದರ ಮೇಲೆ ಎರಡು ಫ್ಯಾನ್ ಕೂಡ ಹಾಕಿದ್ದೆ. ಸಂಜೆ ನಾಲ್ಕಕ್ಕೆ ಖಾಲಿ ಹೊಲದಲ್ಲಿ ಬಿಟ್ಟೆವು. ಒಂದು ಬ್ಯಾಟರಿ ಮುಗಿಯಿತು, ಹುಡುಗ ‘ಮಾಮಾ, ಇನ್ನೊಂದು ಹಾಕು’ ಅಂದ, ತಕ್ಷಣ ಇನ್ನೊಂದು ಹಾಕಿದೆ. ಅದು ಅರ್ಧ ಆಗುವಷ್ಟರಲ್ಲಿ ಕಾರ್ ಎಳೆಯೋದು ನಿಂತಿತು. ತಣ್ಣಗಾದ ಮೇಲೆ ತಿರುಗಿತು, ಆದರೆ ಮೊದಲಿನ ಕಸುವು ಇರಲಿಲ್ಲ.

ನಮ್ಮ ಓಣಿಯಲ್ಲಿ ಒಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ದಿನಾ ಬೋರ್‌ವೆಲ್ ಮೋಟಾರ್ ಬಿಚ್ಚುವ ಕೈ ಅವರದು. ಈ ಸಣ್ಣ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ‘ವಾರ್ನಿಶ್ ಸುಟ್ಟದರೀ’ ಅಂದರು. ಆಮೇಲೆ ಕೇಳಿದ್ದು ಒಂದೇ ಮಾತು, ‘ಇದಕ್ಕ ಲೋಡ್ ಏನು ಕೂಡ್ಸಿದ್ರಿ?’ ನಾನು ಫ್ಯಾನ್ ಬಗ್ಗೆ ಹೇಳೋಕೆ ಹೋದೆ. ಅವರು ಕೇಳಲಿಲ್ಲ. 5 ಎಚ್‌ಪಿ ಮೋಟಾರಿಗೆ ಏಳೂವರೆ ಎಚ್‌ಪಿ ಪಂಪ್ ಕೂಡಿಸಿದರೆ ಬೋರಿನ ತಣ್ಣೀರಿನೊಳಗೆ ಮುಳುಗಿದ್ದರೂ ಸುಡುತ್ತದೆ, ನಿಮ್ಮ ಫ್ಯಾನ್ ಯಾವ ಲೆಕ್ಕ ಅಂದರು. ಆ ಮಾತು ನನಗೆ ಅಲ್ಲೇ ನಾಟಿತು. ನೀರಲ್ಲೇ ಮುಳುಗಿರೋದನ್ನ ತಣ್ಣಗಿಡೋಕೆ ಆಗದಿದ್ದರೆ ಎರಡು ಇಂಚಿನ ಗಾಳಿ ಏನು ಮಾಡೀತು?

ಈಗ ನಿಮ್ಮ ಕಾರಿನ ಲೆಕ್ಕ ನೋಡೋಣ. 86ನ್ನು 21ರಿಂದ ಭಾಗಿಸಿದರೆ ಸುಮಾರು 4.1. 25ರಿಂದ ಭಾಗಿಸಿದರೆ 3.44. ಅಂದರೆ ಮೊದಲು ಮೋಟಾರ್ 4 ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗಿ ಸ್ಪರ್ ಅನ್ನು ಒಂದು ಸುತ್ತು ತಿರುಗಿಸುತ್ತಿತ್ತು, ಈಗ ಮೂರೂವರೆಗಿಂತ ಕಡಿಮೆ ಸುತ್ತಲ್ಲೇ ಅಷ್ಟೇ ಕೆಲಸ ಮಾಡಬೇಕು. ಚಕ್ರಕ್ಕೆ ಅದೇ ತಳ್ಳುವಿಕೆ ಬೇಕೆಂದರೆ ಮೋಟಾರ್ ಹತ್ತಿರ ಹತ್ತಿರ 19% ಜಾಸ್ತಿ ಬಲ ಹಾಕಬೇಕು, ಅಷ್ಟೇ ಜಾಸ್ತಿ ಕರೆಂಟ್ ಎಳೆಯಬೇಕು. ಇದೇನು ದೊಡ್ಡದು ಅನ್ನಿಸಬಹುದು. ಆದರೆ ತಾಮ್ರದ ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ನಿಮ್ಮ 19% ಇಲ್ಲಿ 40%ಗಿಂತ ಜಾಸ್ತಿ ಬಿಸಿಯಾಗುತ್ತದೆ. ಬರೀ 4 ಹಲ್ಲಿಗೆ!

ಅಷ್ಟಕ್ಕೇ ನಿಲ್ಲಲ್ಲ. ತಾಮ್ರ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ, ಒಂದು ಡಿಗ್ರಿಗೆ ಸುಮಾರು 0.4%. 30 ಡಿಗ್ರಿಯಿಂದ 80ಕ್ಕೆ ಹೋದರೆ 20% ಹತ್ತಿರ. ಹಾಗಾಗಿ ಬಿಸಿಯಾದ ಮೋಟಾರ್ ಅದೇ ಕೆಲಸಕ್ಕೆ ಇನ್ನೂ ಬಿಸಿಯಾಗುತ್ತದೆ. ಮೊದಲ 5 ನಿಮಿಷ ಎಲ್ಲ ಸರಿ ಇದೆ ಅನ್ನಿಸಿ, ಆಮೇಲೆ ಒಮ್ಮೆಲೇ ಕೈಮೀರೋದು ಇದಕ್ಕೇ.

ಹಾಳಾಗೋದು ಏನು ಅಂದರೆ, ಒಂದು ತಂತಿಯ ಮೇಲಿನ ವಾರ್ನಿಶ್, ಇನ್ನೊಂದು ಒಳಗೆ ತಿರುಗುವ ಮ್ಯಾಗ್ನೆಟ್. ಈ ಮೋಟಾರುಗಳಲ್ಲಿ ಇರೋದು ನಿಯೋಡಿಮಿಯಂ ಮ್ಯಾಗ್ನೆಟ್. ಸಾಧಾರಣ ದರ್ಜೆಯದಾದರೆ 80 ಡಿಗ್ರಿ ಅದರ ಮಿತಿ. ಬಿಸಿ ತಡೆಯುವ ಮೇಲಿನ ದರ್ಜೆಗಳೂ ಇವೆ, ಆದರೆ ಅಗ್ಗದ ಮೋಟಾರಿನಲ್ಲಿ ಅದು ಇರುತ್ತದೆ ಅಂತ ನಂಬಿ ಕೂರಬೇಡಿ. ಮಿತಿ ದಾಟಿ ಕಸುವು ಕಳೆದುಕೊಂಡ ಮ್ಯಾಗ್ನೆಟ್ ತಣ್ಣಗಾದರೂ ಮೊದಲಿನ ಹಾಗೆ ಆಗಲ್ಲ. ನನ್ನದಕ್ಕೆ ಆಗಿದ್ದು ಅದೇ. ಕಸುವು ಕಡಿಮೆಯಾದ ಮೋಟಾರ್ ಅದೇ ಬಲಕ್ಕೆ ಜಾಸ್ತಿ ಕರೆಂಟ್ ಎಳೆಯುತ್ತದೆ, ಇನ್ನೂ ಬೇಗ ಬಿಸಿಯಾಗುತ್ತದೆ.

ಅಳೆಯದೆ ಏನೂ ಮಾಡಬೇಡಿ. ಬೆರಳಿನಿಂದ ಗೊತ್ತಾಗೋದು ಇಷ್ಟೇ, ಎರಡು ಮೂರು ಸೆಕೆಂಡ್ ಕೂಡ ಬೆರಳು ಇಡೋಕೆ ಆಗದಿದ್ದರೆ ಸುಮಾರು 60 ದಾಟಿದೆ. ಅದು 65 ಇರಬಹುದು, 95 ಇರಬಹುದು. ಒಂದು ಇನ್‌ಫ್ರಾರೆಡ್ ಗನ್ ತಗೊಳ್ಳಿ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿದು ಜ್ವರ ನೋಡುತ್ತಿದ್ದರಲ್ಲ, ಆ ಗನ್ ಬೇಡ, ಅದು ಮೈಯ ಬಿಸಿಗಷ್ಟೇ, 43ರ ಹತ್ತಿರ ನಿಂತುಬಿಡುತ್ತದೆ. ಗ್ಯಾರೇಜಿನವರು ಬಳಸುವಂಥದ್ದು ಬೇಕು. ಇನ್ನೊಂದು ಮಾತು, ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಗನ್ ಕಡಿಮೆ ತೋರಿಸುತ್ತದೆ. ಮೋಟಾರ್ ಮೇಲೆ ಕರಿ ಟೇಪಿನ ಸಣ್ಣ ತುಂಡು ಅಂಟಿಸಿ, ಅದರ ಮೇಲೆ ಹಿಡಿಯಿರಿ. ಕಾರ್ ನಿಂತ ಕೂಡಲೇ ಒಮ್ಮೆ, ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ನಿಂತ ಮೇಲೆ ಗಾಳಿ ಇರಲ್ಲ, ಒಳಗಿನ ಬಿಸಿ ಹೊರಗೆ ಬರುತ್ತದೆ, ಹಾಗಾಗಿ ಎರಡನೇ ಸಲ ಜಾಸ್ತಿ ಬರೋದುಂಟು. ನಾನು 70ಕ್ಕೆ ಹುಷಾರಾಗುತ್ತೇನೆ, 80 ಬಂದರೆ ಅವತ್ತಿನ ಆಟ ಮುಗೀತು. ಹೊರಗೆ 80 ಅಂದರೆ ಒಳಗೆ ಅದಕ್ಕಿಂತ ಜಾಸ್ತಿ ಅಂತಲೇ ತಿಳಿಯಿರಿ.

ನಿಮ್ಮ ಊರು ನಮ್ಮೂರಿಗಿಂತ ತಂಪು, ಅದು ನಿಮ್ಮ ಪುಣ್ಯ. ಮೋಟಾರ್ ಹೊರಗಿನ ಗಾಳಿಗಿಂತ 40 ಡಿಗ್ರಿ ಮೇಲೆ ಹೋಗುತ್ತದೆ ಅಂದುಕೊಳ್ಳಿ. ಬೆಳಗಾವಿಯ 25 ಡಿಗ್ರಿ ಸಂಜೆಯಲ್ಲಿ ಅದು 65, ಆರಾಮ. ಅದೇ ಕಾರು, ಅದೇ ಗೇರು, ವಿಜಯಪುರದ ಮೇ ತಿಂಗಳ 40 ಡಿಗ್ರಿಯಲ್ಲಿ 80. ಅದಕ್ಕೇ ನಾನು ಬೇಸಿಗೆಗೊಂದು ಪಿನಿಯನ್, ಚಳಿಗಾಲಕ್ಕೊಂದು ಪಿನಿಯನ್ ಇಟ್ಟಿದ್ದೇನೆ. ಬೇಸಿಗೆಯದು ಎರಡು ಹಲ್ಲು ಚಿಕ್ಕದು. ಹಬ್ಬಕ್ಕೆ, ಮದುವೆಗೆ ಅಂತ ಕಾರ್ ಹಿಡಿದುಕೊಂಡು ಈ ಕಡೆ ಬಂದರೆ ನೀವೂ ಇದನ್ನ ನೆನಪಿಡಿ.

ನೀವೀಗ 21ಕ್ಕೆ ಕೂಡ ಹೋಗಬೇಡಿ, 19 ಹಾಕಿ. ಡಾಂಬರಿನ ಮೇಲೆ 21 ನಡೆಯಬಹುದು, ಹುಲ್ಲಿನ ಮೇಲೆ ಬೇರೆ ಕಥೆ. ಕರಕಿ ಹುಲ್ಲು ಚಕ್ರವನ್ನು ಹಿಡಿದು ಎಳೆಯುತ್ತಲೇ ಇರುತ್ತದೆ, ನೀವು ಟ್ರಿಗರ್ ಪೂರ್ತಿ ಒತ್ತಿರುತ್ತೀರಿ, ಕಾರ್ ಮಾತ್ರ ನಿಧಾನ. ಮೋಟಾರಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಕರೆಂಟ್ ಪೂರ್ತಿ ಹೋಗುತ್ತಿದೆ, ಸುತ್ತು ಕಡಿಮೆ, ಹೋದದ್ದರಲ್ಲಿ ದೊಡ್ಡ ಪಾಲು ಬಿಸಿಯಾಗಿಯೇ ಹೋಗುತ್ತದೆ. ಚಕ್ರ ದೊಡ್ಡದು ಹಾಕಿದ್ದೀರಾ? ಅದನ್ನ ನೀವು ಬರೆದಿಲ್ಲ. ಟೈರಿನ ಅಡ್ಡಳತೆ 10% ದೊಡ್ಡದಾದರೆ ಪಿನಿಯನ್ 10% ದೊಡ್ಡದು ಮಾಡಿದ ಹಾಗೇನೇ. ತುಂಬಾ ಜನ ಈ ಲೆಕ್ಕ ಮರೆಯುತ್ತಾರೆ.

ಪಿನಿಯನ್ ಬದಲಿಸಲು ಮೋಟಾರ್ ಸಡಿಲ ಮಾಡುತ್ತೀರಲ್ಲ, ಅದೇ ಹೊತ್ತಿಗೆ ಕಾರನ್ನು ನೆಲದ ಮೇಲಿಟ್ಟು ಮೆಲ್ಲಗೆ ತಳ್ಳಿ ನೋಡಿ. ಗೇರ್ ಬಿಟ್ಟಿರುವಾಗ ಅದು ಸರಾಗ ಉರುಳಬೇಕು. ಎರಡಡಿ ಹೋಗಿ ನಿಂತರೆ ಎಲ್ಲೋ ಹಿಡಿತ ಇದೆ. ಒಂದೊಂದೇ ಚಕ್ರ ತಿರುಗಿಸಿ ಹುಡುಕಿ. ಸಾಮಾನ್ಯವಾಗಿ ಸಿಗೋದು ಆಕ್ಸಲ್‌ಗೆ ಸುತ್ತಿದ ಹುಲ್ಲಿನ ಎಳೆ, ಕೂದಲು, ಇಲ್ಲಾ ಮಣ್ಣು ತುಂಬಿದ ಬೇರಿಂಗ್. ನಮ್ಮ ಕಡೆ ಎರೆ ಮಣ್ಣು. ಒಣಗಿದಾಗ ಹಿಟ್ಟಿನಂತೆ ಎದ್ದು ಬೇರಿಂಗ್ ಒಳಗೆ ಹೋಗುತ್ತದೆ, ಮಳೆ ಬಿದ್ದರೆ ಟೈರಿಗೆ ಮುದ್ದೆ ಮುದ್ದೆ ಮೆತ್ತಿಕೊಳ್ಳುತ್ತದೆ. ಹಸಿ ಎರೆಯಲ್ಲಿ ಕಾರ್ ಬಿಡಲೇಬೇಡಿ, ನಾಲ್ಕೂ ಚಕ್ರ ಎರಡು ಪಟ್ಟು ತೂಕ ಆಗುತ್ತವೆ. ಬೇರಿಂಗ್ ಗರಗರ ಅಂದರೆ ತೊಳೆಯುತ್ತಾ ಕೂರಬೇಡಿ, ಬದಲಿಸಿ, ದೊಡ್ಡ ಖರ್ಚಲ್ಲ.

ಮೋಟಾರ್ ಮತ್ತೆ ಕೂರಿಸುವಾಗ ಪಿನಿಯನ್ ಮತ್ತು ಸ್ಪರ್ ಹಲ್ಲುಗಳ ನಡುವೆ ನೋಟ್‌ಬುಕ್ ಹಾಳೆಯ ಒಂದು ಪಟ್ಟಿ ಇಟ್ಟು ಒತ್ತಿ ಬಿಗಿ ಮಾಡಿ, ಆಮೇಲೆ ಚಕ್ರ ತಿರುಗಿಸಿ ಹಾಳೆ ಹೊರಗೆ ತೆಗೆಯಿರಿ. ಅಷ್ಟು ಸಂದು ಸಾಕು. ಬಿಗಿಯಾದರೆ ಕೀರಲು ದನಿ ಬರುತ್ತದೆ, ಬಿಸಿಯಾಗುತ್ತದೆ. ಸಡಿಲಾದರೆ ಸ್ಪರ್ ಹಲ್ಲು ಉದುರುತ್ತದೆ. ಇಎಸ್‌ಸಿ (ಬ್ಯಾಟರಿ ಮತ್ತು ಮೋಟಾರ್ ನಡುವೆ ಕೂತು ಸ್ಪೀಡ್ ನಿಯಂತ್ರಿಸುವ ಸರ್ಕ್ಯೂಟ್) ಸೆಟ್ಟಿಂಗಿನಲ್ಲಿ ಡ್ರ್ಯಾಗ್ ಬ್ರೇಕ್ (ಟ್ರಿಗರ್ ಬಿಟ್ಟ ಕೂಡಲೇ ತಾನೇ ಬೀಳುವ ಬ್ರೇಕ್) ಜಾಸ್ತಿ ಇದ್ದರೆ ಇಳಿಸಿ, ಟೈಮಿಂಗ್ (ಸುರುಳಿಗಳಿಗೆ ಕರೆಂಟ್ ಎಷ್ಟು ಮುಂಚೆ ಕೊಡಬೇಕು ಅನ್ನೋದು) ಏರಿಸಿದ್ದರೆ ಅದನ್ನೂ ಇಳಿಸಿ.

ಇಷ್ಟಾದ ಮೇಲೆ ಫ್ಯಾನ್ ಹಾಕಿ, ಬೇಡ ಅನ್ನಲ್ಲ. ಸರಿಯಾದ ಗೇರಿನ ಮೋಟಾರಿಗೆ ಅದು ನಿಜಕ್ಕೂ ಸಹಾಯ ಮಾಡುತ್ತದೆ. ಹೀಟ್ ಸಿಂಕ್ ಮೋಟಾರಿಗೆ ಬಿಗಿಯಾಗಿ ಅಂಟಿರಬೇಕು, ಸಂದು ಇದ್ದರೆ ಥರ್ಮಲ್ ಪೇಸ್ಟ್ ಹಚ್ಚಿ. ಬಾಡಿಯ ಹಿಂದುಗಡೆ ಬಿಸಿ ಗಾಳಿ ಹೊರಹೋಗಲು ದೊಡ್ಡ ಕಿಂಡಿ ಕತ್ತರಿಸಿ. ಮುಂದೆ ಮಾತ್ರ ತೂತು ಮಾಡಿ ಹಿಂದೆ ಮುಚ್ಚಿದ್ದರೆ ಫ್ಯಾನ್ ಅದೇ ಬಿಸಿ ಗಾಳಿಯನ್ನೇ ಸುತ್ತಿಸುತ್ತಿರುತ್ತದೆ. ಎರಡು ಬ್ಯಾಟರಿಗಳ ನಡುವೆ 15 ನಿಮಿಷ ಬಿಡಿ. ನಾನು ಅವತ್ತು ಹುಡುಗನ ಮಾತಿಗೆ ಒಂದು ಚಹಾದಷ್ಟು ಹೊತ್ತು ತಡೆದಿದ್ದರೂ ಸಾಕಿತ್ತು. ಕಾದ ಮೋಟಾರಿಗೆ ನೀರು ಮಾತ್ರ ಸುರಿಯಬೇಡಿ, ಬೇರಿಂಗ್ ತುಕ್ಕು ಹಿಡಿಯುತ್ತದೆ.

3ಎಸ್ ವಿಷಯ. ವೋಲ್ಟೇಜ್ ಜಾಸ್ತಿ ಆದದ್ದೇ ಸುಡಲು ಕಾರಣ ಅಲ್ಲ. ಪೂರ್ತಿ ಚಾರ್ಜ್ ಆದ 2ಎಸ್ 8.4 ವೋಲ್ಟ್, 3ಎಸ್ 12.6, ಸರಿಯಾಗಿ ಒಂದೂವರೆ ಪಟ್ಟು. ಪಿನಿಯನ್ನನ್ನೂ ಅದೇ ಲೆಕ್ಕದಲ್ಲಿ ಇಳಿಸಿ 21ರ ಜಾಗದಲ್ಲಿ 14 ಹಾಕಿದರೆ ಕಾರಿನ ಸ್ಪೀಡ್ ಮೊದಲಿನಷ್ಟೇ ಇರುತ್ತದೆ, ಮೋಟಾರಿನ ಮೇಲಿನ ಹೇರು ಕಡಿಮೆಯಾಗುತ್ತದೆ. ಆದರೆ 3900ನ್ನು 12.6ರಿಂದ ಗುಣಿಸಿ, ನಿಮಿಷಕ್ಕೆ 49,000 ಸುತ್ತು ದಾಟುತ್ತದೆ. ನಿಮ್ಮ ಮೋಟಾರಿನ ಮಿತಿ ಎಷ್ಟು, ಇಎಸ್‌ಸಿ 3ಎಸ್ ತಡೆಯುತ್ತದಾ ಅಂತ ಅದರ ಜೊತೆ ಬಂದ ಹಾಳೆಯಲ್ಲಿ ನೋಡಿ. 25ರ ಪಿನಿಯನ್ ಇಟ್ಟುಕೊಂಡೇ 3ಎಸ್ ಹಾಕಿದರೆ ಒಂದೇ ಸಂಜೆಯಲ್ಲಿ ಮೋಟಾರ್ ಹೋಗಬಹುದು.

ಕೊನೆಗೆ, ಆ ಸುಟ್ಟ ವಾಸನೆ. ಅದು ನನಗೆ ಚಿಂತೆ ತಂದಿದೆ. ಬ್ಯಾಟರಿ ತೆಗೆದು, ಮೋಟಾರಿನ ಮೂರೂ ವೈರ್‌ಗಳನ್ನು ಇಎಸ್‌ಸಿಯಿಂದ ಬಿಡಿಸಿ. ಯಾವುದಾದರೂ ಎರಡು ವೈರ್ ಒಂದಕ್ಕೊಂದು ತಾಗಿಸಿ ಹಿಡಿದು ಶಾಫ್ಟ್ ಅನ್ನು ಕೈಯಲ್ಲಿ ತಿರುಗಿಸಿ, ಬಿಗಿ ಅನ್ನಿಸಬೇಕು. ಹೀಗೇ ಮೂರೂ ಜೋಡಿ ಮಾಡಿ. ಮೂರರಲ್ಲೂ ಬಿಗಿ ಒಂದೇ ತರ ಇದ್ದರೆ ವೈಂಡಿಂಗ್ ಸರಿ ಇರುವ ಸಂಭವ ಜಾಸ್ತಿ. ಒಂದು ಜೋಡಿ ಬೇರೆ ಅನ್ನಿಸಿದರೆ, ಅಥವಾ ವೈರ್ ತಾಗಿಸದೇ ಇದ್ದಾಗಲೂ ಅಷ್ಟೇ ಬಿಗಿ ಇದ್ದರೆ, ಆ ಮೋಟಾರ್ ಮತ್ತೆ ಹಾಕಬೇಡಿ, ಇಎಸ್‌ಸಿಯನ್ನೂ ಸುಡುತ್ತದೆ.

ಸರಿ ಇದ್ದರೆ 19 ಹಾಕಿ, ಇಳಿಹೊತ್ತಿನಲ್ಲಿ 5 ನಿಮಿಷ ಮಾತ್ರ ಓಡಿಸಿ, ಟೇಪಿನ ಮೇಲೆ ಅಳೆಯಿರಿ. ಆ ನಂಬರ್, ಅವತ್ತಿನ ಗಾಳಿಯ ಬಿಸಿ, ಟೈರಿನ ಅಳತೆ, ಈ ಮೂರನ್ನೂ ಇಲ್ಲೇ ಬರೆಯಿರಿ. ಹಲ್ಲು ಇನ್ನೂ ಇಳಿಸಬೇಕಾ, ಒಂದು ಏರಿಸಬಹುದಾ ಅಂತ ಕೂತು ಲೆಕ್ಕ ಹಾಕೋಣ.