ಗಾಳ ಹಾಕೋರೆಲ್ಲ ಕಸ ಹಾಕ್ತಾರಾ?

ಹೋದ ಸಂಚಿಕೆಯಲ್ಲಿ ಸಂರಕ್ಷಿತ ಸರೋವರಗಳಲ್ಲಿ ಗಾಳ ಹಾಕುವುದನ್ನು ನಿಷೇಧಿಸುವ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿದರೆ ಕೆರೆ ಕೋಡಿ ಬಿದ್ದ ಹಾಗಿದೆ. ಅರ್ಧ ಜನ ಗಾಳದವರನ್ನು ಬೈದಿದ್ದಾರೆ, ಉಳಿದರ್ಧ ಜನ ನನ್ನನ್ನು. ಬೈಗುಳ ತೆಗೆದಿಟ್ಟು ಪ್ರಶ್ನೆಗಳನ್ನಷ್ಟೇ ಇಲ್ಲಿ ಹಾಕಿದ್ದೇನೆ.

ಪ್ರಶ್ನೆ: ಇಪ್ಪತ್ತು ವರ್ಷದಿಂದ ಗಾಳ ಹಾಕುತ್ತಿದ್ದೇನೆ. ದಡದಲ್ಲಿ ಒಂದು ಚೂರು ಕಾಗದ ಬಿಟ್ಟವನಲ್ಲ. ಈಗ ನಾನು ಹೋಗುತ್ತಿದ್ದ ಸರೋವರ ಸಂರಕ್ಷಿತ ಜಾಗ ಆಗಿ, ಮೀನು ಹಿಡಿಯಬೇಡಿ ಅಂತ ಬೋರ್ಡ್ ಬಂದಿದೆ. ಯಾರೋ ನಾಲ್ಕು ಜನ ಕಸ ಹಾಕಿದ್ದಕ್ಕೆ ನನಗ್ಯಾಕೆ ಶಿಕ್ಷೆ?

ಉತ್ತರ: ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ನಿಷೇಧ ಬಂದಿರುವುದು ಕಸಕ್ಕೇನಾ? ದಡದಲ್ಲಿ ಕಣ್ಣಿಗೆ ಬೀಳುವುದು ಕಸ, ಹಾಗಾಗಿ ಎಲ್ಲರ ಬಾಯಲ್ಲೂ ಅದೇ ಮಾತು. ಆದರೆ ಇಂಥ ನಿಷೇಧಗಳ ಹಿಂದೆ ಬಹಳ ಸಲ ಬೇರೆಯೇ ಕಾರಣ ಇರುತ್ತದೆ. ಹಕ್ಕಿಗಳು ಗೂಡು ಕಟ್ಟುವ ಕಾಲ, ಮೀನು ಮೊಟ್ಟೆ ಇಡುವ ಕಾಲ, ಹೊರಗಿನ ಜೀವಿ ನೀರಿಗೆ ಸೇರಿಕೊಳ್ಳುವ ಭಯ, ಹೀಗೆ.

ಗೂಡಿನ ವಿಷಯವನ್ನೇ ತೆಗೆದುಕೊಳ್ಳಿ. ಗುಳುಮುಳುಕದಂಥ ಹಕ್ಕಿ ನೀರಿನ ಮೇಲೇ ತೇಲುವ ಗೂಡು ಕಟ್ಟುತ್ತದೆ, ಜೊಂಡಿಗೆ ಆನಿಸಿಕೊಂಡು. ಯಾರಾದರೂ ಹತ್ತಿರ ಬಂದರೆ ಮೊಟ್ಟೆಗಳ ಮೇಲೆ ಪಾಚಿ, ಜೊಂಡಿನ ಚೂರು ಎಳೆದು ಮುಚ್ಚಿ ನೀರಿಗೆ ಜಾರುತ್ತದೆ. ದಡದಲ್ಲಿ ನಡೆದು ಹೋಗುವವನು ಎರಡು ನಿಮಿಷದಲ್ಲಿ ದಾಟಿಹೋಗುತ್ತಾನೆ, ಹಕ್ಕಿ ವಾಪಸ್ ಬರುತ್ತದೆ. ನಾವು ಗಾಳದವರು ಹಾಗಲ್ಲ. ಕೂತರೆ ಕೂತೇ ಬಿಟ್ಟೆವು! ಅದೂ ಜೊಂಡಿನ ಪಕ್ಕವೇ ಬೇಕು, ಮೀನು ಇರುವುದು ಅಲ್ಲೇ ಅಲ್ವಾ. ಅಷ್ಟು ಹೊತ್ತು ಕಾವಿಲ್ಲದೆ ಬಿದ್ದ ಮೊಟ್ಟೆ ತಣ್ಣಗಾಗುತ್ತದೆ. ಇಲ್ಲಿ ನೀವು ಕಾಗದ ಬಿಟ್ಟಿರೋ ಇಲ್ಲವೋ ಅನ್ನುವುದು ಆ ಹಕ್ಕಿಗೆ ಸಂಬಂಧವೇ ಇಲ್ಲದ ಮಾತು.

ಇನ್ನೊಂದು ತಪ್ಪು ತಿಳಿವಳಿಕೆ ಹಲವರ ಪತ್ರದಲ್ಲಿದೆ. ಸರೋವರ ರಾಮ್ಸಾರ್ ಪಟ್ಟಿಗೆ, ಅಂದರೆ ಜೌಗು ನೆಲ ಉಳಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ, ಸೇರಿದರೆ ಮೀನು ಹಿಡಿಯುವುದು ತಾನಾಗಿಯೇ ನಿಲ್ಲುತ್ತದೆ ಅಂತ. ಇಲ್ಲ. 1971ರಲ್ಲಿ ಇರಾನಿನ ರಾಮ್ಸಾರ್ ಊರಿನಲ್ಲಿ ಆದ ಆ ಒಪ್ಪಂದ ಹೇಳುವುದು ಜೌಗು ನೆಲ, ಕೆರೆಗಳನ್ನು ವಿವೇಕದಿಂದ ಬಳಸಿ ಅಂತ. ಬಳಸಲೇಬೇಡಿ ಅಂತಲ್ಲ. ಎಲ್ಲಿ, ಯಾವಾಗ, ಎಷ್ಟು ಅನ್ನುವುದನ್ನು ಆಯಾ ದೇಶದ ಕಾನೂನು ತೀರ್ಮಾನಿಸುತ್ತದೆ. ಇಂಗ್ಲೆಂಡನ್ನು ನೋಡಿ. ಅಲ್ಲಿ ನದಿಗಳಲ್ಲಿ ಟ್ರೌಟ್, ಸಾಲ್ಮನ್ ಜಾತಿ ಬಿಟ್ಟು ಉಳಿದ ಮೀನಿಗೆ ಮಾರ್ಚ್ 15ರಿಂದ ಜೂನ್ 14ರವರೆಗೆ ಗಾಳ ಹಾಕುವಂತಿಲ್ಲ. ಹೆಚ್ಚಿನ ಕೆರೆಗಳಿಗೆ ಈ ನಿಯಮವನ್ನು 1995ರಲ್ಲಿ ತೆಗೆದುಹಾಕಿದರು. ಆದರೆ ವಿಶೇಷ ರಕ್ಷಣೆ ಇರುವ ಕೆಲವು ಕೆರೆಗಳಲ್ಲಿ ಹಾಗೇ ಉಳಿಸಿಕೊಂಡರು. ಮೂರು ತಿಂಗಳು ಬಾಗಿಲು ಮುಚ್ಚಿರುತ್ತದೆ, ಆಮೇಲೆ ತೆರೆಯುತ್ತದೆ.

ಆದ್ದರಿಂದ ಬೋರ್ಡ್ ಮುಂದೆ ನಿಂತು ಕಾವಲುಗಾರನ ಹತ್ತಿರ ಜಗಳ ಆಡಬೇಡಿ. ಪಾಪ, ಅವನೇನು ಮಾಡುತ್ತಾನೆ? ಕಾರಣ ಏನು, ಯಾವ ತಿಂಗಳಿಗೆ, ಯಾವ ದಡಕ್ಕೆ, ಮತ್ತೆ ಯಾವಾಗ ಪರಿಶೀಲಿಸುತ್ತೀರಿ ಅಂತ ಬರವಣಿಗೆಯಲ್ಲಿ ಕೇಳಿ. ಗೂಡೇ ಕಾರಣ ಅಂತಾದರೆ ಒಪ್ಪಿಕೊಳ್ಳಿ. ಬರೀ ಕಸ ಅಂತಾದರೆ ನಾನು ನಿಮ್ಮ ಕಡೆ. ಯಾಕೆಂದರೆ ನಿಷೇಧ ಬಂದ ದಿನವೇ ಜಾಗ ಖಾಲಿ ಮಾಡುವವರು ನಿಮ್ಮಂಥ ನಿಯಮ ಪಾಲಿಸುವವರು. ರಾತ್ರಿ ಕದ್ದು ಬರುವವನು ಆಗಲೂ ಬರುತ್ತಾನೆ, ಮತ್ತು ಅವನನ್ನು ನೋಡುವ ಕಣ್ಣುಗಳೂ ದಡದಲ್ಲಿ ಇರುವುದಿಲ್ಲ.

ಆದರೆ ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳುತ್ತೇನೆ. ಕಾಗದ ಬಿಟ್ಟಿಲ್ಲ ಸರಿ. ಈ ಇಪ್ಪತ್ತು ವರ್ಷದಲ್ಲಿ ನೀರೊಳಗಿನ ಬೇರಿಗೆ ಸಿಕ್ಕಿ ಕಿತ್ತುಹೋದ ಕೊಕ್ಕೆ ಎಷ್ಟು? ಅದರ ಜೊತೆ ಹೋದ ತಂಗೂಸಿ, ಅಂದರೆ ಗಾಳದ ನೈಲಾನ್ ದಾರ, ಎಷ್ಟು ಮಾರು? ನಾನೂ ಗಾಳ ಹಿಡಿದವನೇ. ಒಂದು ವರ್ಷ ಲೆಕ್ಕ ಬರೆದಿಡೋಣ ಅಂತ ಶುರು ಮಾಡಿ, ಮೂರನೇ ತಿಂಗಳಿಗೆ ನಾಚಿಕೆ ಆಗಿ ಪುಸ್ತಕ ಮುಚ್ಚಿಟ್ಟೆ.

ಪ್ರಶ್ನೆ: ನಾನು ಹಿಡಿದ ಮೀನನ್ನು ತಿನ್ನುವುದೇ ಇಲ್ಲ, ವಾಪಸ್ ನೀರಿಗೆ ಬಿಡುತ್ತೇನೆ. ಅಂಥವರಿಗಾದರೂ ವಿನಾಯಿತಿ ಕೊಡಬಾರದೇ?

ಉತ್ತರ: ಬಿಟ್ಟ ಮೀನೆಲ್ಲ ಬದುಕುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಅದು ಈಜಿಕೊಂಡು ಹೋಗಿದ್ದನ್ನು ನೋಡಿದ್ದೇವಲ್ಲ! ಸಾಯುವುದಾದರೆ ಕೆಲವು ಗಂಟೆ ಬಿಟ್ಟು, ನಾವು ಮನೆಗೆ ಹೋದ ಮೇಲೆ ಸಾಯುತ್ತದೆ. ಕೊಕ್ಕೆ ತುಟಿಗೆ ತಾಗಿದ್ದರೆ ಬದುಕುವ ಸಾಧ್ಯತೆ ಜಾಸ್ತಿ, ನುಂಗಿದ್ದರೆ ಬಹಳ ಕಡಿಮೆ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ಬೇಸಿಗೆಯಲ್ಲಿ ಒದ್ದಾಡಿ ಸುಸ್ತಾದ ಮೀನನ್ನು ಫೋಟೊಕ್ಕೆ ಎತ್ತಿ ಹಿಡಿಯುವುದೆಂದರೆ, ಓಡಿ ಬಂದು ಏದುಸಿರು ಬಿಡುವವನ ಮೂಗು ಮುಚ್ಚಿದ ಹಾಗೆ.

ಇನ್ನು ಬಾಸ್ ಮೀನಿನ ಕಥೆ ಬೇರೆಯೇ. ಅದರ ಗಂಡು ಗುಳಿ ತೋಡಿ ಮೊಟ್ಟೆ ಕಾಯುತ್ತದೆ. ಕಾವಲಿಗಿದ್ದದ್ದು ಕೋಪದಿಂದ ಯಾವುದಕ್ಕಾದರೂ ಬಾಯಿ ಹಾಕುತ್ತದೆ, ಗಾಳಕ್ಕೂ ಸುಲಭವಾಗಿ ಸಿಗುತ್ತದೆ. ನೀವು ಅದನ್ನು ಎಳೆದು, ನೋಡಿ, ಮುದ್ದು ಮಾಡಿ ಬಿಡುವ ಆ ಕೆಲವೇ ನಿಮಿಷದಲ್ಲಿ ಸುತ್ತಮುತ್ತಲಿನ ಸಣ್ಣ ಮೀನುಗಳು ಗುಳಿಗೆ ನುಗ್ಗಿ ಮೊಟ್ಟೆ ತಿನ್ನುತ್ತವೆ. ಒಂದು ಮೀನನ್ನೂ ಕೊಲ್ಲದೆ ಒಂದು ಸಂಸಾರವೇ ಹೋಯಿತು. ಮರಿ ಮಾಡುವ ಕಾಲದ ನಿಷೇಧದಲ್ಲಿ ವಿನಾಯಿತಿ ಕೊಡದಿರುವುದು ಇದಕ್ಕೇ. ಬೇರೆ ದಿನಗಳಲ್ಲಿ ಮುಳ್ಳಿಲ್ಲದ ಕೊಕ್ಕೆ ಬಳಸಿ, ಕೈ ಒದ್ದೆ ಮಾಡಿಕೊಂಡು ಮುಟ್ಟಿ. ಒಣ ಕೈಗೆ ಅದರ ಮೈಯ ಲೋಳೆ ಅಂಟಿ ಬರುತ್ತದೆ, ಸೋಂಕನ್ನು ತಡೆಯುವುದು ಅದೇ ಲೋಳೆ.

ಪ್ರಶ್ನೆ: ದಡದ ಪೊದೆಯಲ್ಲಿ ಒಂದು ನೀರುಕಾಗೆ ತಂಗೂಸಿಗೆ ಸಿಕ್ಕಿಕೊಂಡು ಒದ್ದಾಡುತ್ತಿತ್ತು. ದಾರ ಕತ್ತರಿಸಿ ಬಿಟ್ಟೆವು, ಹಾರಿಹೋಯಿತು. ಮಾಡಿದ್ದು ಸರಿನಾ?

ಉತ್ತರ: ಮನಸ್ಸು ಒಳ್ಳೆಯದು, ಕೆಲಸ ಅರ್ಧ. ತಂಗೂಸಿಯ ಒಂದು ತುದಿ ಹಕ್ಕಿಯ ಕಾಲಿಗೋ ರೆಕ್ಕೆಗೋ ಸುತ್ತಿಕೊಂಡೇ ಇದ್ದರೆ ಅದು ಹಾರಿಹೋಗಿ ಇನ್ನೊಂದು ಮರಕ್ಕೆ ನೇತುಬೀಳುತ್ತದೆ, ಅಲ್ಲಿ ನೀವು ಇರುವುದಿಲ್ಲ. ಕಾಲಿಗೆ ಬಿಗಿದಿದ್ದರೆ ರಕ್ತ ಓಡದೆ ಕಾಲೇ ಹೋಗುತ್ತದೆ. ಬಾಯಿಂದ ದಾರ ನೇತಾಡುತ್ತಿದ್ದರೆ ಅದನ್ನಂತೂ ಎಳೆಯಲೇಬೇಡಿ. ಆ ತುದಿಯಲ್ಲಿ ಕೊಕ್ಕೆ ಗಂಟಲಲ್ಲೋ ಹೊಟ್ಟೆಯಲ್ಲೋ ಇರಬಹುದು.

ಮುಂದಿನ ಸಲ ಹೀಗಾದರೆ ಟವೆಲ್ಲೋ ಅಂಗಿಯೋ ತಲೆಯ ಮೇಲೆ ಹಾಕಿ. ಕತ್ತಲಾದರೆ ಹಕ್ಕಿ ಸುಮ್ಮನಾಗುತ್ತದೆ. ಕೊಕ್ಕನ್ನು ನಿಮ್ಮ ಮುಖದಿಂದ ದೂರ ಇಟ್ಟುಕೊಳ್ಳಿ; ನೀರುಕಾಗೆ, ಬಕಗಳು ಹೆದರಿದಾಗ ನೇರ ಕಣ್ಣಿಗೇ ಕುಕ್ಕುತ್ತವೆ. ಗಾಳಿ ಆಡುವ ಪೆಟ್ಟಿಗೆಯಲ್ಲಿಟ್ಟು, ತಿನ್ನಿಸಲು ಕುಡಿಸಲು ಹೋಗದೆ, ವನ್ಯಜೀವಿ ರಕ್ಷಣೆ ಮಾಡುವವರ ಕೈಗೋ ಪಶುವೈದ್ಯರ ಕೈಗೋ ಕೊಡಿ. ಆಮೇಲೆ ಆ ಪೊದೆಗೆ ವಾಪಸ್ ಹೋಗಿ ಉಳಿದ ದಾರ ಬಿಡಿಸಿ ತನ್ನಿ. ಇದನ್ನು ಯಾರೂ ಮಾಡುವುದಿಲ್ಲ. ಅದೇ ಪೊದೆಗೆ ನಾಳೆ ಇನ್ನೊಂದು ಹಕ್ಕಿ ಬರುತ್ತದೆ.

ನನ್ನ ಕೇಳಿದರೆ ದಡದ ಕಸದಲ್ಲಿ ಮೊದಲು ಹೆಕ್ಕಬೇಕಾದ್ದು ಬಾಟಲಿಯನ್ನಲ್ಲ, ಇದನ್ನು. ಬಾಟಲಿ ನೋಡಲು ಅಸಹ್ಯ, ಅಷ್ಟೇ ಅಂತ ಹೇಳುವುದಿಲ್ಲ, ಆದರೆ ತಂಗೂಸಿ ಕಣ್ಣಿಗೇ ಕಾಣುವುದಿಲ್ಲ, ಕಾಣಬಾರದು ಅಂತಲೇ ಅದನ್ನು ಮಾಡಿರುವುದು. ನೈಲಾನ್ ಕೊಳೆಯಲು ನೂರಾರು ವರ್ಷ ಬೇಕು ಅನ್ನುತ್ತಾರೆ, ಆ ವಸ್ತು ಹುಟ್ಟಿದ್ದೇ 1935ರಲ್ಲಿ. ಅಂದರೆ ಮೊಟ್ಟಮೊದಲು ನೀರಿಗೆ ಬಿದ್ದ ನೈಲಾನ್ ದಾರ ಈಗಲೂ ಎಲ್ಲೋ ಗಟ್ಟಿಮುಟ್ಟಾಗಿಯೇ ಇರಬಹುದು. ಕೆಲವು ಗಾಳ ತಾಣಗಳಲ್ಲಿ ಹಳೇ ದಾರ ಹಾಕಲು ಕೊಳವೆಯಂಥ ಡಬ್ಬ ನೆಟ್ಟಿರುತ್ತಾರೆ, ಒಂಟಿ ಎಳೆಯ ನೈಲಾನ್ ಆದರೆ ಕರಗಿಸಿ ಮತ್ತೆ ಬಳಸಬಹುದು. ಹೆಣೆದ ದಾರಕ್ಕೆ ಆ ಭಾಗ್ಯವಿಲ್ಲ. ಡಬ್ಬ ಇಲ್ಲದಿದ್ದರೆ ಗೇಣಿಗಿಂತ ಸಣ್ಣ ತುಂಡು ಮಾಡಿ ಕಸಕ್ಕೆ ಹಾಕಿ. ಉಂಡೆ ಕಟ್ಟಿ ಎಸೆದರೆ ಕಸದ ಗುಡ್ಡೆಯಿಂದ ಹಕ್ಕಿಗಳು ಗೂಡಿಗೆ ಅಂತ ಎತ್ತಿಕೊಂಡು ಹೋಗುತ್ತವೆ. ಮರಿಗಳ ಕಾಲಿಗೆ ಸುತ್ತಿಕೊಳ್ಳುವುದು ಆಗಲೇ.

ಪ್ರಶ್ನೆ: ಗಾಳಕ್ಕೆ ಕಟ್ಟುವ ಸೀಸದ ಗುಂಡು ತಳದಲ್ಲಿ ತಾನೇ ಬೀಳುತ್ತದೆ, ಅದರಿಂದೇನು ತೊಂದರೆ?

ಉತ್ತರ: ನೀರುಹಕ್ಕಿಗಳಿಗೆ ಹಲ್ಲಿಲ್ಲ. ತಿಂದದ್ದನ್ನು ಅರೆಯಲು ತಳದಿಂದ ಸಣ್ಣ ಕಲ್ಲು ನುಂಗುತ್ತವೆ. ಸೀಸದ ಗುಂಡೂ ಅವಕ್ಕೆ ಕಲ್ಲೇ. ಹೊಟ್ಟೆಯ ಆ ಗಿರಣಿಯಲ್ಲಿ ಸೀಸ ಸವೆದು ರಕ್ತಕ್ಕೆ ಸೇರುತ್ತದೆ, ನರ ಕೆಡುತ್ತದೆ, ಹಂಸದ ನೆಟ್ಟಗಿನ ಕತ್ತು ಬಾಗಿಹೋಗುತ್ತದೆ. ಬ್ರಿಟನ್ನಿನಲ್ಲಿ ಹಂಸಗಳು ಹೀಗೆ ಸಾಯುವುದನ್ನು ನೋಡಿ 1987ರಿಂದ 0.06 ಗ್ರಾಂನಿಂದ 28.35 ಗ್ರಾಂವರೆಗಿನ ಸೀಸದ ಗುಂಡುಗಳ ಮಾರಾಟ ನಿಲ್ಲಿಸಿದರು. ಆಮೇಲೆ ಹಂಸಗಳ ಸಂಖ್ಯೆ ಏರಿತು. ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲೂ 1997ರಿಂದ 50 ಗ್ರಾಂಗಿಂತ ಹಗುರವಾದ ಸೀಸ ಬಳಸುವಂತಿಲ್ಲ. ತವರ, ಉಕ್ಕು, ಟಂಗ್‌ಸ್ಟನ್ ಗುಂಡು ಸಿಗುತ್ತವೆ. ಟಂಗ್‌ಸ್ಟನ್ ದುಬಾರಿ, ಆದರೆ ಸೀಸಕ್ಕಿಂತ ಭಾರ, ಸಣ್ಣ ಗುಂಡೇ ಸಾಕಾಗುತ್ತದೆ.

ಪ್ರಶ್ನೆ: ಉಳಿದ ಎರೆಹುಳುಗಳನ್ನು ದಡದ ಮಣ್ಣಿಗೆ ಬಿಡುತ್ತೇನೆ. ಪುಣ್ಯ ಅಲ್ವಾ?

ಉತ್ತರ: ನಾನೂ ಹಾಗೇ ಅಂದುಕೊಂಡಿದ್ದೆ! ಎರೆಹುಳು ಮಣ್ಣಿನ ಮಿತ್ರ ಅಂತ ಶಾಲೆಯಲ್ಲಿ ಉರು ಹೊಡೆದವರು ನಾವು. ಆದರೆ ಉತ್ತರ ಅಮೆರಿಕದ ಉತ್ತರ ಭಾಗದ ಕಾಡುಗಳು ಹಿಮಯುಗದಲ್ಲಿ ಮಂಜಿನಡಿ ಹೂತುಹೋಗಿದ್ದವು. ಆಮೇಲೆ ಬೆಳೆದ ಕಾಡು ಎರೆಹುಳುವೇ ಇಲ್ಲದೆ ಬೆಳೆಯಿತು. ನೆಲದ ಮೇಲಿನ ದಪ್ಪ ತರಗೆಲೆ ಹಾಸಿನಲ್ಲೇ ಅಲ್ಲಿನ ಹೂಗಿಡ, ಸಸಿಗಳು ಮೊಳೆಯುವುದು. ಯುರೋಪಿನಿಂದ ಬಂದ ಎರೆಹುಳು ಆ ಹಾಸನ್ನು ತಿಂದು ಮುಗಿಸುತ್ತದೆ. ಅದು ಕಾಡಿನ ಸರೋವರಗಳ ಸುತ್ತ ಹರಡಿದ ದಾರಿಗಳಲ್ಲಿ ಗಾಳದವರು ಸುರಿದುಹೋದ ಎರೆಯೂ ಒಂದು. ಜೀವಂತ ಸಣ್ಣ ಮೀನನ್ನು ಎರೆಯಾಗಿ ಒಯ್ದು ಉಳಿದದ್ದನ್ನು ನೀರಿಗೆ ಬಿಡುವುದು ಇದಕ್ಕಿಂತ ಕೆಟ್ಟದ್ದು. ಉಳಿದ ಎರೆ ಡಬ್ಬದಲ್ಲೇ ಮನೆಗೆ ಬರಲಿ.

ಪ್ರಶ್ನೆ: ಎಲ್ಲಾ ಕಡೆ ಹಿಡಿಯಬೇಡಿ, ಹಿಡಿಯಬೇಡಿ. ಹಿಡಿಯಿರಿ ಅನ್ನುವ ಸಂರಕ್ಷಿತ ಸರೋವರ ಒಂದಾದರೂ ಇದೆಯಾ?

ಉತ್ತರ: ಇದೆ. ಅಮೆರಿಕದ ಆರೆಗನ್‌ನಲ್ಲಿರುವ ಕ್ರೇಟರ್ ಲೇಕ್, ರಾಷ್ಟ್ರೀಯ ಉದ್ಯಾನದೊಳಗೇ. ಜ್ವಾಲಾಮುಖಿ ಕುಸಿದ ಗುಳಿಯಲ್ಲಿ ಮಳೆ, ಹಿಮದ ನೀರು ನಿಂತು ಆದ ಸರೋವರ, ಹೊಳೆಯ ಸಂಪರ್ಕ ಇಲ್ಲದ್ದರಿಂದ ಮೂಲದಲ್ಲಿ ಮೀನೇ ಇರಲಿಲ್ಲ. 1888ರಿಂದ 1941ರವರೆಗೆ ಜನ ತಂದು ಬಿಟ್ಟರು. ಎರಡು ಜಾತಿ ಬದುಕಿ ಉಳಿದವು. ಅವು ಅಲ್ಲಿಯವಲ್ಲ, ಹಾಗಾಗಿ ಗಾಳಕ್ಕೆ ಪರವಾನಗಿಯೂ ಬೇಡ, ಇಷ್ಟೇ ಹಿಡಿಯಿರಿ ಅನ್ನುವ ಮಿತಿಯೂ ಇಲ್ಲ. ಒಂದೇ ಷರತ್ತು, ಕೃತಕ ಎರೆ ಮಾತ್ರ. ಎರೆಹುಳು ಡಬ್ಬ ಹಿಡಿದು ಹೋದರೆ ವಾಪಸ್ ಕಳಿಸುತ್ತಾರೆ.