ಅಪ್ಪೆಮಿಡಿ ಕಚ್ಚಿದರೆ ದವಡೆಯಡಿ ಊತ: ಉತ್ತರ

ಶಿರಸಿಯಿಂದ ನೀವು ಕೇಳಿದ್ದು: ಊಟದಲ್ಲಿ ಅಪ್ಪೆಮಿಡಿ ಕಚ್ಚಿದ ಕೂಡಲೇ ಬಲದವಡೆಯ ಕೆಳಗೆ ಊದಿ ನೋಯುತ್ತದೆ, ಗಂಟೆಯೊಳಗೆ ಇಳಿಯುತ್ತದೆ, ಏಕೆ? ಈ ಲಕ್ಷಣ ಜೊಲ್ಲುಗ್ರಂಥಿಯ ನಾಳದಲ್ಲಿ ಕಲ್ಲು ಸಿಕ್ಕಿದ್ದಕ್ಕೆ ಚೆನ್ನಾಗಿ ಹೊಂದುತ್ತದೆ.

ಗ್ರಂಥಿಯೊಳಗೆ ದ್ರಾಕ್ಷಿಗೊಂಚಲಿನಂತೆ ಜೀವಕೋಶಗಳ ಗುಂಪುಗಳಿವೆ. ಹುಳಿ ನಾಲಿಗೆಗೆ ತಾಗಿದೊಡನೆ ಮಿದುಳಿನಿಂದ ನರದ ಮೂಲಕ ಆಜ್ಞೆ ಬರುತ್ತದೆ. ಕೋಶಗಳು ರಕ್ತದಿಂದ ಬಂದ ನೀರು, ಲವಣಗಳನ್ನು ಒಳಕೊಳವೆಗೆ ಬಿಡುತ್ತವೆ, ಸುತ್ತಲಿನ ಸಂಕೋಚಕ ಕೋಶಗಳು ಹಿಂಡಿ ಮುಂದಕ್ಕೆ ನೂಕುತ್ತವೆ. ದಾರಿಯಲ್ಲಿ ಕೊಳವೆಯ ಗೋಡೆ ಸೋಡಿಯಂ ಹೀರಿಕೊಳ್ಳುವುದರಿಂದಲೇ ಜೊಲ್ಲು ರಕ್ತದಷ್ಟು ಉಪ್ಪಲ್ಲ. ದಿನಕ್ಕೆ ಸುಮಾರು 0.5ರಿಂದ 1.5 ಲೀಟರ್ ಹೀಗೆ ಬರುತ್ತದೆ.

ದವಡೆಯಡಿಯ ಗ್ರಂಥಿಗೇ ಕಲ್ಲು ಹೆಚ್ಚು. ಅದರ ನಾಳ ಸುಮಾರು 5 ಸೆಂ.ಮೀ. ಉದ್ದ, ಮೇಲ್ಮುಖವಾಗಿ ಏರಿ ನಾಲಿಗೆಯಡಿ ತೆರೆಯುತ್ತದೆ. ಜೊಲ್ಲು ಮಂದ, ಕ್ಯಾಲ್ಸಿಯಂ ಜಾಸ್ತಿ. ಹುಳಿಗೆ ಒಮ್ಮೆಲೇ ಉಕ್ಕಿದ್ದು ಕಲ್ಲಿನ ಹಿಂದೆ ನಿಲ್ಲುತ್ತದೆ, ಆಮೇಲೆ ಸಂದಿಯಲ್ಲಿ ಮೆಲ್ಲಗೆ ಜಿನುಗುತ್ತದೆ.

ನೀರು ಚೆನ್ನಾಗಿ ಕುಡಿಯಿರಿ. ಬಿಸಿನೀರಿನ ಬಟ್ಟೆಯಿಂದ 10 ನಿಮಿಷ ಶಾಖ ಕೊಟ್ಟು, ದವಡೆಯ ಹಿಂದಿನಿಂದ ಗದ್ದದ ಕಡೆಗೆ ಮೃದುವಾಗಿ ನೀವಿರಿ. ಪಿನ್ನಿನಿಂದ ಕೆದಕುವುದು ಬೇಡವೇ ಬೇಡ, ನಾಳ ಗಾಯವಾಗಿ ಕಿರಿದಾಗುತ್ತದೆ. ಅಲರ್ಜಿ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಹೇಳಿ, ಕೆಲವು ಜೊಲ್ಲು ಒಣಗಿಸುತ್ತವೆ. ಕಿವಿ-ಮೂಗು-ಗಂಟಲು ತಜ್ಞರಲ್ಲಿ ಅಲ್ಟ್ರಾಸೌಂಡ್ ಮಾಡಿಸಿ. ಜ್ವರ, ನಾಲಿಗೆಯಡಿ ಕೀವು, ಬಾಯಿ ತೆರೆಯಲಾಗದಿರುವುದು ಕಂಡರೆ ಅಂದೇ ಹೋಗಿ. ಉಸಿರಾಟಕ್ಕೆ, ನುಂಗಲಿಕ್ಕೆ ಕಷ್ಟವಾದರೆ ತಕ್ಷಣ ತುರ್ತು ವಿಭಾಗಕ್ಕೆ.